ಬಿಳುಪು ನೋಡುವ ಮೇಜು

ಬಾಗಿಲಿಗೆ ನೀರು ಹಾಕಿ ಗುಡಿಸುವುದು, ನಲ್ಲಿ ನಿಲ್ಲುವ ಮೊದಲು ಡ್ರಮ್ ತುಂಬುವುದು, ನಾಲ್ಕು ಡಬ್ಬಿಗೆ ರೊಟ್ಟಿ ಬಡಿಯುವುದು, ಮಾವ ಕರಿಬಸಪ್ಪನವರ ಬಿಳಿ ಧೋತರ ಒಗೆದು, ನೀಲಿ ಹಾಕಿ ಹಿಂಡುವುದು. ಬಾಗಲಗುಂಟೆಯ ಮನೆಯಲ್ಲಿ ಬೆಳಕು ಹರಿಯುವ ಮೊದಲು ದಾನೇಶ್ವರಿ ಮಾಡುವ ಕೆಲಸಗಳೆಲ್ಲ ನಿಂತು, ಇಲ್ಲವೇ ಬಗ್ಗಿ ಮಾಡುವಂಥವು.

ಅವಳು ಕೂರುತ್ತಿದ್ದದ್ದು ಪೀಣ್ಯದಲ್ಲಿ ಮಾತ್ರ. ಹೋಟೆಲುಗಳ ಬೆಡ್‌ಶೀಟಿಗೆ ಬ್ಲೀಚ್ ಮಾಡುವ ಸಣ್ಣ ಕಾರ್ಖಾನೆ ಅದು. ತೊಟ್ಟಿಗಳ ಪಕ್ಕ ನಿಂತೂ ನಿಂತೂ ಮಂಡಿ ಸವೆದ ಮೇಲೆ ಅವಳಿಗೆ ಬಿಳುಪು ನೋಡುವ ಮೇಜೂ ಒಂದು ಸ್ಟೂಲೂ ಸಿಕ್ಕಿದ್ದವು. ಬಿಳುಪು ಅಳೆಯುವ ಯಂತ್ರ ದೊಡ್ಡ ಕಾರ್ಖಾನೆಗಳಲ್ಲಿರುತ್ತದೆ. ಇಲ್ಲಿ ಅವಳ ಕಣ್ಣೇ ಯಂತ್ರ. ಸೀರೆಯ ಬಣ್ಣ ಬಟ್ಟೆಯ ಮೇಲೆ ಬೀಳದಂತೆ ಬೂದು ಕೋಟು ತೊಟ್ಟು, ಲೈಟಿನ ಕೆಳಗೆ ಬೆಡ್‌ಶೀಟ್ ಹರಡಿ, ಮಾದರಿ ತುಂಡಿಗೆ ಹೋಲಿಸಿ ‘ಪಾಸು’ ಅಥವಾ ‘ಹಳದಿ’ ಅನ್ನಬೇಕು.

ಕಳೆದ ವರ್ಷ ಮಾದರಿ ತುಂಡೇ ಮಾಸಿದಂತೆ ಕಂಡಿತು. ಅದನ್ನು ಡ್ರಾಯರಿಗೆ ಹಾಕಿ, ಕಣ್ಣಂದಾಜಿನಲ್ಲೇ ನೋಡತೊಡಗಿದಳು. ತೊಟ್ಟಿಯ ಕೆಲಸದ ವೇಣಿ ತಂದದ್ದೆಲ್ಲ ಹಳದಿ.

“ಇದು ಅಳದಿನಾ ಅಕ್ಕಾ? ಒಸಿ ಬಿಸಿಲಿಗೆ ಬಂದ್ ನೋಡು.”

“ಪೌಡರ್ ಕಮ್ಮಿ ಹಾಕಿ ನನ್ನ ಮುಂದ ನಾಟಕ ಮಾಡಬ್ಯಾಡ.”

ಸೂಪರ್‌ವೈಸರ್ ಗುರುರಾಜ್ ವೇಣಿಯನ್ನು ಕೆಲಸದಿಂದ ತೆಗೆದ.

ಮನೆಯಲ್ಲಿ ಧೋತರವೂ ಹಳದಿಯಾಗಿ ಕಂಡಿತು; ಅವಳು ನೀಲಿ ಹೆಚ್ಚಿಸಿದಳು. “ಏನವ್ವಾ, ಧೋತರ ಉಡಸ್ತೀಯೋ, ಆಕಾಶ ಉಡಸ್ತೀಯೋ?” ಅಂದರು ಮಾವ. ಎಲ್ಲರೂ ನಕ್ಕರು. ಯಾಕೆ ಹೀಗೆ ಎಂದು ಯಾರೂ ಅವಳ ಮುಖ ನೋಡಲಿಲ್ಲ.

ಕಣ್ಣು ಮಂಜಾಗುತ್ತ ಬಂದಾಗ ಉಚಿತ ಕಣ್ಣಿನ ಶಿಬಿರದಲ್ಲಿ ಅವಳ ಬಲಗಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ದಿನ ಹಗ್ಗದ ಮೇಲಿನ ಧೋತರ ನೀಲಿಯಾಗಿತ್ತು. ಬಲಗಣ್ಣು ಮುಚ್ಚಿದಳು, ಎಡಗಣ್ಣಿಗೆ ಅದೇ ಧೋತರ ಹಳದಿ.

ಕೆಲಸಕ್ಕೆ ಮರಳಿದವಳೇ ಡ್ರಾಯರು ಎಳೆದಳು. ಮಾದರಿ ತುಂಡು ಮಾಸಿರಲಿಲ್ಲ. ಪಕ್ಕದಲ್ಲಿ, ವೇಣಿ ಕೊನೆಗೆ ತಂದಿದ್ದ ಬೆಡ್‌ಶೀಟಿನಿಂದ ಅವಳೇ ಹಳದಿ ಎಂದು ಕತ್ತರಿಸಿಟ್ಟಿದ್ದ ತುಂಡು. ಎರಡನ್ನೂ ಜೋಡಿಸಿ ಹಿಡಿದಳು. ಯಾವುದು ಯಾವುದೆಂದು ತಿಳಿಯದಷ್ಟು ಒಂದೇ ಬಿಳುಪು.

ಗುರುರಾಜ್ ಬಾಗಿಲಲ್ಲಿ ಇಣುಕಿದ. “ಅಕ್ಕಾ, ವೇಣಿ ಗೇಟಲ್ಲಿ ನಿಂತವ್ಳೆ. ತಿರ್ಗಾ ಸೇರಿಸ್ಕೊಳ್ಳಿ ಅಂತ ಅಳ್ತಾ ಇದಾಳೆ. ಅವ್ಳ ಕೆಲ್ಸ ನಿಜವಾಗ್ಲೂ ಅಷ್ಟು ಕೆಟ್ದಾಗಿತ್ತಾ? ಯೋಚ್ನೆ ಮಾಡಿ ಹೇಳಿ.”

ಅವನು ಹೋದ. ನಿಜ ಹೇಳಿದರೆ ಈ ಮೇಜು ಹೋಗುತ್ತದೆ, ಮತ್ತೆ ತೊಟ್ಟಿಯ ಪಕ್ಕ ನಿಲ್ಲಬೇಕು. ದಾನೇಶ್ವರಿ ಎರಡೂ ಮಂಡಿಗಳ ಮೇಲೆ ಅಂಗೈ ಊರಿದಳು. ಆಮೇಲೆ ವೇಣಿಯ ತುಂಡನ್ನು ಮುದುರಿ ಚಿಂದಿಚೀಲದ ತಳಕ್ಕೆ ತುರುಕಿದಳು. ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಮುಂದಿನ ಬೆಡ್‌ಶೀಟ್ ಹರಡಿದಳು.