ಬಳೆಗಾರ ಚಾಚಿಯ ಹೆಬ್ಬೆರಳು

ಎಂಬತ್ತರ ದಶಕದಲ್ಲಿ ಗೋವಾದ ಫೋಂಡಾದಲ್ಲಿದ್ದ ನಮ್ಮ ಓಣಿಗೆ ಬೆಳಗಾವಿ ಕಡೆಯ ಬಳೆಗಾರ ಚಾಚಿ ಬರುತ್ತಿದ್ದರು. ಎದೆಬಡಿತ ಆಗಾಗ ತಪ್ಪುತ್ತದೆ, ದಿನಾ ಮನೆಯಲ್ಲೇ ನಾಡಿ ನೋಡಿಕೊಳ್ಳಿ ಎಂದು ಡಾಕ್ಟರು ಅವರಿಗೆ ಹೇಳಿದ್ದರು. ಅಂದಿನಿಂದ, ಕೈ ಹಿಸುಕಿ ಬಳೆ ತೊಡಿಸುವ ಮೊದಲು, ನಮ್ಮ ಮಣಿಕಟ್ಟಿನ ಮೇಲೂ ಬಲವಾದ ಹೆಬ್ಬೆರಳು ಒತ್ತಿ ಕಣ್ಣು ಮುಚ್ಚುತ್ತಿದ್ದರು.

"ತಡೀರಿ ಅಕ್ಕಾರ, ನಿಮ್ದೂ ನಡುವ ತಪ್ಪಾಕತ್ತೈತ್ರಿ."

ತಮಗೂ ಎದೆರೋಗವೆಂದು ಓಣಿಯ ಹೆಂಗಸರೆಲ್ಲ ಉಪ್ಪು ಬಿಟ್ಟರು. ಕೊನೆಗೆ ಹೆದರಿ ನಾನು ಚಾಚಿಯನ್ನೇ ಕರೆದುಕೊಂಡು ಅದೇ ಡಾಕ್ಟರ ಬಳಿ ಹೋದೆ. ನನ್ನ ನಾಡಿ ಸರಿಯಾಗೇ ಇತ್ತು. ಹೆಬ್ಬೆರಳಲ್ಲೂ ನಾಡಿ ಬಡಿಯುತ್ತದೆ, ಅದನ್ನಿಟ್ಟರೆ ನಿಮ್ಮದೇ ನಿಮಗೆ ತಿಳಿಯುತ್ತದೆ, ಬೇರೆ ಬೆರಳಿಟ್ಟು ನೋಡಿ ಎಂದು ಡಾಕ್ಟರು ಚಾಚಿಗೆ ಹೇಳಿಕೊಟ್ಟರು. ಚಾಚಿ ತಮ್ಮ ಹೆಬ್ಬೆರಳನ್ನೇ ದಿಟ್ಟಿಸಿ ಮನಸಾರೆ ನಕ್ಕರು.

"ಯಾ ಅಲ್ಲಾ, ಓಣಿ ಮಂದಿ ಕೈಯಾಗೆಲ್ಲ ನಂದ ಎದಿ ಬಡಿಯಾಕತ್ತಿತ್ತಲ್ರಿ!"