ಸೋರದ ತೊಟ್ಟಿ ಕಟ್ಟಿದ ಇಮಾಮ್ ಮೇಸ್ತ್ರಿ

ಇಮಾಮ್ ಮೇಸ್ತ್ರಿ ತಾವು ಕಟ್ಟಿದ ತೊಟ್ಟಿಗೆ ನೀರು ತುಂಬಿಸಿ, ಗೋಡೆಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದರು. ಚೂರು ತಂಪು ತಗುಲಿದರೂ ಮತ್ತೆ ಗಾರೆ. ಹೊನ್ನಾಳಿಯಲ್ಲಿ ಅವರ ತೊಟ್ಟಿ ಸೋರಿದ್ದನ್ನು ಕಂಡವರಿಲ್ಲ. ಹೊಗಳಿದರೆ ನಾಚುವ ಆಸಾಮಿಯೂ ಅಲ್ಲ. “ಒಂದ್ ಹನಿ ಸೋರಿದ್ರೆ ಗಾರೆ ಮೆತ್ತೋ ಕರಣಿ ಹೊಳಿಗೆ ಎಸಿತೀನಿ” ಎನ್ನುತ್ತಿದ್ದರು.

ನಾನು ಎರೆಹುಳು ಸಾಕಲು ಹೊರಟಾಗ ಮನೆಯವರೆಲ್ಲ ನಕ್ಕರು. ಮೇಸ್ತ್ರಿ ನಗಲಿಲ್ಲ. ಒಂದು ಹುಳುವನ್ನು ಅಂಗೈಮೇಲೆ ಬಿಟ್ಟುಕೊಂಡು, “ಇವೂ ನಮ್ಮಂಗೇ ಅಮ್ಮಾರೆ, ಮಣ್ಣಾಗೇ ದುಡಿಯೋವು” ಎಂದರು. ಹಿತ್ತಿಲಲ್ಲಿ ಸೊಗಸಾದ ತೊಟ್ಟಿ ಎದ್ದಿತು. ತಳದಲ್ಲಿ ನೀರು ಹೋಗಲು ತೂತು ಬೇಡವೇ ಎಂದೆ. “ತೂತು ಬಿಡಾಕೆ ನನ್ನನ್ಯಾಕೆ ಕರೆದ್ರಿ?” ಎಂದು ಸಿಡುಕಿದರು. ಅವರೆದುರು ವಾದಿಸುವ ಎದೆ ಯಾರಿಗಿತ್ತು!

ಮಳೆಗಾಲದ ಒಂದು ರಾತ್ರಿ ಗಾಳಿಗೆ ತೊಟ್ಟಿಯ ಮೇಲಿನ ಚಪ್ಪರದ ತಗಡು ಹಾರಿಹೋಗಿ ಮಳೆನೀರು ತುಂಬಿತು. ಬೆಳಿಗ್ಗೆ ನೋಡಿದರೆ ಹುಳುಗಳು ಮೇಲೆದ್ದು ಗೋಡೆ ಹತ್ತುತ್ತಿವೆ. ಕೆಲವು ಬಿಳಿಚಿಕೊಂಡು ಸೋತು ಬಿದ್ದಿವೆ. ಗೊಬ್ಬರ ಕೊಳೆತ ನಾತ ಬೇರೆ. ಪಾಪ, ಚರ್ಮದಿಂದಲೇ ಉಸಿರಾಡುವ ಜೀವಗಳು. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಗಾಳಿ ಎಲ್ಲಿಂದ ಬರಬೇಕು? ನನಗೆ ಅಳುವೇ ಬಂತು. ಮೇಸ್ತ್ರಿಗೆ ಹೇಳಿಕಳಿಸಿದೆ.

ನೆನೆದುಕೊಂಡೇ ಬಂದರು. “ಉಸಿರು ಕಟ್ಟೈತೆ ಇವಕ್ಕೆ” ಎಂದು ತೊಟ್ಟಿ ಒಡೆಯಲು ಸುತ್ತಿಗೆ ತೆಗೆದರು. ಬಕೀಟಿನಲ್ಲಿ ಮೊಗೆದರೆ ತೊಟ್ಟಿಯಾದರೂ ಉಳಿಯುತ್ತದೆ ಎಂದೆ.

“ಹುಳ ಮೇಲೇ ಐದಾವೆ, ನೀರಿನ ಜತಿಗೆ ಅವೂ ಹೋಗ್ತಾವೆ. ಸರೀರಿ ಅತ್ಲಾಗೆ.”

ಚಾಣ ಇಟ್ಟು ಗೋಡೆಯ ಬುಡಕ್ಕೆ ಸುತ್ತಿಗೆ ಬೀಸಿದರು. ಅವರದೇ ಗಾರೆ, ಜಗ್ಗಬೇಕಲ್ಲ! “ಎಂಥ ಹಾಳು ಗಾರೆ ಹಾಕೀನಪ್ಪಾ!” ಎಂದು ತಮ್ಮನ್ನೇ ಬೈದುಕೊಂಡು ಮತ್ತೆ ಹೊಡೆದರು. ಬೇಲಿಯಾಚೆ ಜನ ಸೇರಿತು. “ಏನ್ ಮೇಸ್ತ್ರಿ, ಕೊನಿಗೂ ಸೋರ್ತೈತಾ?” ಎಂದು ಒಬ್ಬ ಕೆಣಕಿದ.

“ಸೋರ್ಲಿ ಅಂತಾನೇ ಹೊಡಿತಿದೀನಿ. ತಪ್ಪು ನಂದು, ಸಾಯೋದು ಹುಳನಾ?”

ಇಟ್ಟಿಗೆ ಕಿತ್ತು ಬಂತು. ಕಪ್ಪು ನೀರು ಭರ್ರನೆ ಹೊರಬಿತ್ತು. ಆಮೇಲೆ ಒದ್ದೆ ಗೋಣಿತಟ್ಟಿನ ಮೇಲೆ ಗೊಬ್ಬರ ಹರವಿ, ಇಬ್ಬರೂ ಮಧ್ಯಾಹ್ನದವರೆಗೆ ಬೆರಳಲ್ಲೇ ಬಿಡಿಸಿ ಬದುಕಿದ್ದ ಹುಳುಗಳನ್ನು ಆರಿಸಿದೆವು. ಅರ್ಧಕ್ಕರ್ಧ ಉಳಿದವು. ಅಷ್ಟು ದೊಡ್ಡ ಮನಸ್ಸಿನ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ.

ಹೋದ ವರ್ಷ, ತೀರಿಕೊಳ್ಳುವ ಮುಂಚೆ, ಒಮ್ಮೆ ಬಂದಿದ್ದರು. ಕಣ್ಣು ಮಂಜಾಗಿತ್ತು. ತೊಟ್ಟಿಯ ಗೊಬ್ಬರದೊಳಗೆ ಕೈ ಇಳಿಸಿ ಕೂತರು. ಎಷ್ಟೋ ಹೊತ್ತಿನ ಮೇಲೆ ಮುಖ ಅರಳಿತು.

“ಓಡಾಡ್ತಾವೆ, ಅಮ್ಮಾರೆ” ಎಂದರು.

ಕೈ ತೊಳೆಯಲು ನೀರು ತಂದೆ. ಬೇಡವೆಂದು ಹಾಗೇ ಎದ್ದು ಹೊರಟರು.