ಸ್ಟೆಪ್ನಿಗೊಂದು ಆಸರೆ

ಬಾಗಿಲು ಸರಿಯಾಗಿ ಮುಚ್ಚಿಕೊಳ್ಳದ ಮನೆಯಲ್ಲಿ ನನಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಇದೊಂದು ಕಾಯಿಲೆ, ಒಪ್ಪಿಕೊಳ್ಳುತ್ತೇನೆ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲುಬೋಗಿಗಳ ಗಾಲಿಗಳನ್ನು ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ‘ಸರಿ ಇದೆ’ ಎಂದು ಬರೆಯುತ್ತಲೇ ನಿವೃತ್ತನಾದವನು ನಾನು. ರೈಲುಗಳೇನೋ ಈಗ ನನ್ನ ಅಪ್ಪಣೆಯಿಲ್ಲದೆ ಧೈರ್ಯವಾಗಿ ಓಡಾಡುತ್ತಿವೆ. ನನಗೆ ಮಾತ್ರ ಐದು ಗಂಟೆಗೆ ಎದ್ದು, ಐದೂಕಾಲಿಗೆ ಗೇಟಿನ ಕೀಲನ್ನೂ ಐದೂವರೆಗೆ ನೀರಿನ ಪಂಪನ್ನೂ ತಟ್ಟಿ ನೋಡದಿದ್ದರೆ ದಿನ ಮುಂದಕ್ಕೆ ಹೊರಡುವುದಿಲ್ಲ.

ಇಂಥವನ ಪಕ್ಕದ ಮನೆಗೆ ಒಂದು ಜೀಪು ಬಂತು. ತಂದವನು ನನ್ನ ತಂಗಿ ಗಿರಿಜೆಯ ಗಂಡ ಮಾದೇವಪ್ಪ. ಕೊಬ್ಬರಿ ವ್ಯಾಪಾರಿ. ಮನೆಯಿಂದ ಮಂಡಿಗೆ ಟಾರು ರಸ್ತೆ, ಮಂಡಿಯಿಂದ ಮನೆಗೂ ಅದೇ ಟಾರು ರಸ್ತೆ. ಹೀಗಾಗಿ ಬೆಟ್ಟ ಹತ್ತುವ ಗಾಡಿ ಅವನಿಗೆ ಅತ್ಯಗತ್ಯವಾಗಿತ್ತು.

“ರಸ್ತೆ ಇಲ್ದಿದ್ರೂ ಹೋಗ್ತೈತೆ ಕಣ್ರೀ ಭಾವ.”

“ಎಲ್ಲಿಗಪ್ಪಾ?”

“ಎಲ್ಲಿಗೂ ಇಲ್ಲ. ಹೋಗ್ತೈತೆ ಅಂತ ಹೇಳ್ದೆ.”

ಎಲ್ಲಿಗೂ ಹೋಗದಿರಲು ಕಂಪನಿ ಕೊಟ್ಟ ಟೈರು ಸಾಲದೆಂದು ಇನ್ನೂ ದಪ್ಪನೆಯವನ್ನು ಹಾಕಿಸಿದ. ನಾಲ್ಕು ಚಕ್ರ ಹಿಗ್ಗಿದ ಮೇಲೆ ಐದನೆಯದು, ಅಂದರೆ ಸ್ಟೆಪ್ನಿ, ಬಡಕಲಾಗಿದ್ದರೆ ಮರ್ಯಾದೆಯೇ? ಅದೂ ಬೀಸುವ ಕಲ್ಲಿನಂತೆ ಭಾರವಾಗಿ ಹಿಂಬಾಗಿಲಿಗೆ ನೇತುಬಿತ್ತು. ಪಕ್ಕಕ್ಕೆ ತೆರೆಯುವ ಬಾಗಿಲು, ಅದಕ್ಕೆ ಎರಡೇ ಕೀಲು. ಲೋಕದಲ್ಲಿ ಮಾದೇವಪ್ಪನಂಥವರೂ ಇರಬಹುದೆಂದು ಅದನ್ನು ಮಾಡಿದವರು ಊಹಿಸಿರಲಿಲ್ಲ. ತಿಂಗಳೊಳಗೆ ಬಾಗಿಲು ಒಂದು ಬೆರಳಿನಷ್ಟು ಜೋತುಬಿತ್ತು. ಮುಚ್ಚಬೇಕೆಂದರೆ ಅವನು ಮೊಣಕಾಲು ಕೊಟ್ಟು ಎತ್ತಿ, ಉಸಿರು ಬಿಗಿಹಿಡಿದು ತಳ್ಳಬೇಕು. ಗುಂಡಿ ಬಂದಾಗಲೆಲ್ಲ ಹಿಂದಿನಿಂದ ಲೊಟಲೊಟ.

“ಬೇಲೂರಲ್ಲಿ ಮದನಿಕೆಯರು ಸೂರಿನ ಕೆಳಗೆ ಮುಂದಕ್ಕೆ ವಾಲ್ಕೊಂಡೇ ನಿಂತವ್ರೆ. ಬಿದ್ದವ್ರಾ?” ಎಂದು ಅವನ ವಾದ.

ಆ ಮದನಿಕೆಯರ ಬೆನ್ನಿಗಿರುವ ಗೋಡೆಯನ್ನು ಯಾರೂ ದಿನಕ್ಕೆ ಹತ್ತು ಸಲ ತೆಗೆದು ಮುಚ್ಚುವುದಿಲ್ಲ ಎಂದೆ. ಭಾರ ಹೊರುವ ಕೆಲಸವಿದ್ದಾಗ ಹೊಯ್ಸಳರ ಶಿಲ್ಪಿಗಳು ಏನು ಮಾಡಿದರು? ಹಳೇಬೀಡಿನಲ್ಲಿ ನೋಡಿ: ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಆನೆಗಳು. ಬಾಗಿಲಿಗೇ ಆನೆಯನ್ನು ನೇತುಹಾಕಿದ ಕೀರ್ತಿ ನಮ್ಮ ಕಾಲಕ್ಕೇ ಸಲ್ಲಬೇಕು.

ಇದಿಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮಾದೇವಪ್ಪನ ತಾಯಿ ಸಿದ್ದಮ್ಮನವರಿದ್ದರು. ಹುಟ್ಟಿದ್ದು ಹಳೇಬೀಡಿನ ಪಕ್ಕದ ಹುಲಿಕೆರೆಯಲ್ಲಿ. ಸೊಂಟದ ಮೂಳೆ ಮುರಿದ ಮೇಲೆ ಊರು ಕಂಡಿಲ್ಲ. “ನಮ್ಮೂರ ಕೊಳದ ಮೆಟ್ಲು ಒಂದ್ಸಲ ತೋರ್ಸ್ರಪ್ಪಾ, ಸಾಕು” ಎಂದು ವರ್ಷಗಳಿಂದ ಕೇಳುತ್ತಿದ್ದರು. ಬರುವ ಭಾನುವಾರ ಹೋಗುವುದೆಂದು ನಿಶ್ಚಯವಾಯಿತು. ಅವರ ಗಾಲಿಕುರ್ಚಿಯನ್ನು ಮಡಚಿ ಜೀಪಿನ ಹಿಂಭಾಗದಲ್ಲಿ ಇಡಬೇಕು. ದಾರಿಯಲ್ಲಿ ಬಾಗಿಲು ಕಳಚಿಕೊಂಡರೆ?

ಬಾಗಿಲಿನ ಹೊಣೆ ನಾನು ಹೊತ್ತೆ. ಆನೆಯ ತತ್ವದಂತೆ ಆಸರೆ ಕೆಳಗಿನಿಂದ. ಮಾದೇವಪ್ಪನ ಹಿತ್ತಲಲ್ಲಿ ತೆಂಗಿನಕಾಯಿ ಸಿಪ್ಪೆಯ ಗುಡ್ಡವೇ ಇತ್ತು. ಕುರ್ಚಿಯನ್ನು ಮೊದಲೇ ಒಳಗಿಡಿಸಿ ಬಾಗಿಲು ಮುಚ್ಚಿ, ಚೆನ್ನಾಗಿ ಒಣಗಿದ ಸಿಪ್ಪೆಗಳನ್ನು ಆರಿಸಿ, ಬಂಪರಿಗೂ ಟೈರಿಗೂ ನಡುವೆ ಸುತ್ತಿಗೆಯಿಂದ ಬಡಿದು ಕೂರಿಸಿದೆ. ಜಾರದಂತೆ ನಾರಿನ ಹಗ್ಗದಿಂದ ಬಂಪರಿಗೆ ಬಿಗಿದು, ಯಾರ ಅಪ್ಪನಿಗೂ ಬಿಚ್ಚಲಾಗದ ಗಂಟು ಹಾಕಿದೆ. ಬಾಗಿಲು ತಟ್ಟಿದೆ. ಲೊಟಲೊಟ ಮಾಯ! “ಸರಿ ಇದೆ” ಎಂದು ಘೋಷಿಸಿದೆ.

ಶನಿವಾರ ಸಂಜೆ ಮಾದೇವಪ್ಪ ಪೈಪು ಹಿಡಿದು, ಮಣ್ಣನ್ನೇ ಕಾಣದ ಜೀಪಿನ ಮಣ್ಣು ತೊಳೆದ. ಭಾನುವಾರ ನಾವು ನಾಲ್ವರೂ ಹೊರಟೆವು. ಜಾವಗಲ್ ದಾಟಿದ ಮೇಲೆ ರಸ್ತೆ ಪಕ್ಕದಲ್ಲೊಂದು ನೀರುಗುಂಡಿ ಕಂಡಿತು. ರಸ್ತೆ ಬಿಟ್ಟೂ ಹೋಗುವ ಗಾಡಿಯಲ್ಲವೆ? ಬೇಕೆಂದೇ ಇಳಿಸಿ, ಹಿಂದಿನವರೆಗೂ ನೀರು ಹಾರಿಸಿ, ವೀರನಂತೆ ಮೇಲೆ ಬಂದ.

ಹುಲಿಕೆರೆಯ ಕೊಳದ ಬಳಿ ನಿಲ್ಲಿಸಿದರೆ, ಹಿಂಬಾಗಿಲು ತೆರೆಯಲಿಲ್ಲ.

ತೆಂಗಿನ ಬುಡಕ್ಕೆ ಸಿಪ್ಪೆ ಹೂಳುವುದೇ ಅದು ನೀರು ಕುಡಿದು ಊದಿ ಹಿಡಿದಿಟ್ಟುಕೊಳ್ಳಲಿ ಎಂದು. ನಮ್ಮ ಸೀಮೆಯಲ್ಲಿ ಎಳೆಮಗುವಿಗೂ ಗೊತ್ತು. ಆದರೆ ಒಣಗಿದ್ದನ್ನು ಸಂದಿಲ್ಲದಂತೆ ಬಡಿದು ಕೂರಿಸಲು ನನ್ನಷ್ಟು ಅನುಭವ ಬೇಕು. ಊದಿದ ಸಿಪ್ಪೆ ಟೈರನ್ನು, ಟೈರಿನ ಜೊತೆಗೆ ಬಾಗಿಲನ್ನು, ಮೇಲಕ್ಕೆ ಒತ್ತಿ ಹಿಡಿದಿತ್ತು. ಹಗ್ಗದ ಗಂಟು ನೆನೆದು ಕಲ್ಲಾಗಿತ್ತು. ಒಳಗಿನಿಂದ ಎಳೆಯೋಣವೆಂದರೆ ಸೀಟಿನ ಮೇಲಿನ ಸಂದಿಯಲ್ಲಿ ಕುರ್ಚಿ ತೂರಲಿಲ್ಲ.

“ಅಣ್ಣ, ಸರಿ ಇದೆ ಅಂದೋನು ನೀನೇ ಅಲ್ವಾ?” ಎಂದಳು ಗಿರಿಜೆ.

ಒಳಗಿನಿಂದ ಸಿದ್ದಮ್ಮನವರು, “ಇಲ್ಲೀಗಂಟ ಕರ್ಕೊಂಡು ಬಂದು ಗಾಜಿನಾಗೆ ತೋರ್ಸ್ತೀರೇನ್ರಪ್ಪಾ?” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಮುಖ ತೋರಿಸಲಾಗಲಿಲ್ಲ.

ಕೊನೆಗೆ ಸ್ಪ್ಯಾನರ್ ಹಿಡಿದು ಟೈರಿನ ನಟ್ಟುಗಳನ್ನೇ ಬಿಚ್ಚಿದೆವು. ಇಬ್ಬರು ಮುದುಕರು ಹೊಟ್ಟೆಗೆ ಆನಿಸಿಕೊಂಡು ಏದುಸಿರು ಬಿಡುತ್ತ ಎಳೆದು, ಕೊಳದಂಚಿನ ಚಪ್ಪಡಿಯ ಮೇಲೆ ಮಲಗಿಸಿದೆವು. ಭಾರ ಇಳಿದ ಬಾಗಿಲು ಒಂದು ಬೆರಳಿಗೇ ತೆರೆದುಕೊಂಡಿತು. ನಾವು ಕುರ್ಚಿ ಇಳಿಸಿ ಬಿಡಿಸುವಷ್ಟರಲ್ಲಿ, ಗಿರಿಜೆಯ ಭುಜ ಹಿಡಿದು ಇಳಿದಿದ್ದ ಸಿದ್ದಮ್ಮನವರು ಟೈರಿನ ಮೇಲೆ ಕೂತಾಗಿತ್ತು.

“ಅವ್ವ, ಕುರ್ಚಿ ಬಂತು, ಏಳು.”

“ಒಲ್ಲೆ ಕಣೋ. ಅದ್ರಾಗೆ ಕುಂತ್ರೆ ರೋಗದೋಳ ಥರ ಕಾಣ್ತೀನಿ. ಇದು ಗಟ್ಟಿಯಾಗೈತೆ.” ಆಮೇಲೆ ಮೆಟ್ಟಿಲುಗಳ ಒಂದು ಮೂಲೆಗೆ ಕೈ ತೋರಿಸಿದರು. “ಅಗೋ, ಅಲ್ಲೇ ನನ್ ಬಿಂದಿಗೆ ಉರುಳಿದ್ದು. ನಮ್ಮವ್ವ ಮನೇಗಂಟ ಬೈಕೊಂಡು ಬಂದಿದ್ಲು.” ಒಂದು ಗಂಟೆ ಅಲ್ಲಿಂದ ಏಳಲಿಲ್ಲ. 

ಈಗ ಅರಸೀಕೆರೆಯ ವೆಲ್ಡಿಂಗ್ ಅಂಗಡಿಯವರು ಸ್ಟೆಪ್ನಿ ಹೊರಲೆಂದೇ ಜೀಪಿನ ಹಿಂದೆ ಕಬ್ಬಿಣದ ಚೌಕಟ್ಟು ಮಾಡಿಕೊಟ್ಟಿದ್ದಾರೆ. ಕೆಳಗೆ ಗಾಡಿಯ ಬೆನ್ನೆಲುಬಾದ ಚಾಸಿಗೇ ಬೋಲ್ಟು, ಅದಕ್ಕೆ ಅದರದೇ ಕೀಲು. ಬಾಗಿಲಿಗೆ ಬಾಗಿಲ ಕೆಲಸ ಮಾತ್ರ. ಆನೆಯನ್ನೇ ಕೂರಿಸಬಹುದು. ಆದರೆ ಸ್ಟೆಪ್ನಿ ಅದರ ಮೇಲಿಲ್ಲ. ಅದು ಜಗಲಿಯಲ್ಲಿ ಜಮಖಾನ ಹೊದ್ದು ಮಲಗಿದೆ, ಮೇಲೆ ಸಿದ್ದಮ್ಮನವರು ಕೂತು ಹೂ ಕಟ್ಟುತ್ತಾರೆ. ಚೌಕಟ್ಟಿನ ಮೇಲೆ ಅವರ ಗಾಲಿಕುರ್ಚಿ ಮಡಚಿಕೊಂಡು ನೇತಾಡುತ್ತಿದೆ. ದಿನವೂ ಪಂಪಿನ ನಂತರ ಅದನ್ನೂ ತಟ್ಟಿ ನೋಡುತ್ತೇನೆ. ಸದ್ದು ಚೆನ್ನಾಗಿದೆ. ಬಾಯಿಬಿಟ್ಟು ಏನೂ ಘೋಷಿಸುವುದಿಲ್ಲ.

“ದಾರೀಲಿ ಪಂಚರ್ ಆದ್ರೆ ಏನ್ಮಾಡ್ತೀಯ?” ಎಂದು ಮಾದೇವಪ್ಪನನ್ನು ಕೇಳಿದೆ.

“ಅವ್ವನ್ನ ಎಬ್ಬಿಸ್ಬೇಕಲ್ಲ ಭಾವ” ಎಂದು ಜಗಲಿಯ ಕಡೆ ನೋಡಿ ದನಿ ತಗ್ಗಿಸಿದ.

ಅಂದಿನಿಂದ ಅವನ ಜೀಪು ಟಾರು ರಸ್ತೆ ಬಿಟ್ಟು ಒಂದು ಗೇಣೂ ಕೆಳಗಿಳಿದಿಲ್ಲ.